ನಾಲ್ಕನೆಯ ಚಕ್ರ

ಚಕ್ರ ಅವನನ್ನು ಹಿಂದೆ ಹಾಕಿ ಮುಂದೆ ಹೋಯಿತು. ಯಾರದೋ ಇರಬೇಕು ಅಂದುಕೊಂಡ ಬಾಸಿಲ್. ಶುಕ್ರವಾರದ ಬೆಳಗ್ಗೆ, ಜನವಿಲ್ಲದ ಇಳಿಜಾರಿನಲ್ಲಿ, ಒಂಟಿ ಚಕ್ರವೊಂದು ಅವನ ಎಡಗಡೆಯಿಂದ ಬಂದು, ದಾರಿ ಗೊತ್ತಿರುವ ಹಾಗೆ ತನ್ನ ಪಾಡಿಗೆ ತಾನು ಹೊರಟಿತ್ತು. ಪಾಪ, ಯಾರ ಗಾಡಿಯದೋ ಅಂದುಕೊಳ್ಳುವಷ್ಟರಲ್ಲಿ ಕಾರಿನ ಮೂತಿ ಎಡಕ್ಕೆ ಕುಸಿಯಿತು. ಕಬ್ಬಿಣ ಡಾಂಬರನ್ನು ಕೆರೆಯುವ ಸದ್ದಿಗೆ ಹಲ್ಲು ಜುಮ್ಮೆಂದಿತು. ಹಣೆ ಸ್ಟೀರಿಂಗಿಗೆ ಬಡಿಯಿತು.

ತನ್ನದೇ ಅದು.

ಕಾರು ನಿಂತ ಮೇಲೂ ಚಕ್ರ ನಿಲ್ಲಲಿಲ್ಲ. ರಸ್ತೆ ಬಿಟ್ಟು ಮಣ್ಣಿಗಿಳಿದು, ಕಲ್ಲಂಗಡಿ ಮಾರುವವನ ಚಪ್ಪರಕ್ಕೆ ನುಗ್ಗಿ, ಗುಡ್ಡೆ ಹಾಕಿದ್ದ ಹಣ್ಣುಗಳ ನಡುವೆ ಹೋಗಿ ಕೂತಿತು. ಬಾಸಿಲ್ ಕನ್ನಡಕ ಹುಡುಕುತ್ತ ಅದನ್ನೇ ನೋಡುತ್ತಿದ್ದ. ಅವನಿಗೆ ಮೊದಲು ಅನ್ನಿಸಿದ್ದು ನೋವಲ್ಲ, ನಾಚಿಕೆ.

ಚಪ್ಪರದಿಂದ ಮೂರು ನಾಲ್ಕು ಜನ ಓಡಿಬಂದರು. ಬಾಗಿಲು ತೆಗೆದು, ಕಂಕುಳಿಗೆ ಕೈಕೊಟ್ಟು ಎತ್ತಿದರು. ದೊಡ್ಡ ಹೊಟ್ಟೆಯ ಕಲ್ಲಂಗಡಿ ವ್ಯಾಪಾರಿ ಅವನ ಕುತ್ತಿಗೆಯ ಹಿಂದೆ ಅಂಗೈ ಇಟ್ಟು ಮುಖಕ್ಕೆ ನೀರು ಚಿಮುಕಿಸಿದ.

"ಅಲ್‌ಹಮ್ದುಲಿಲ್ಲಾ, ಜೀವ ಇದೆ. ಕಣ್ ಬಿಡಪ್ಪ. ಹೆಸರೇನು ನಿಂದು?"

"ಬಾಸಿಲ್."

"ಯಾರ ಮಗ?"

"ಶುಕ್ರಿ ಅಂತ. ಅವರು ತೀರಿಹೋಗಿ ಬಹಳ ವರ್ಷ ಆಯ್ತು."

"ದೇವರು ಅವರಿಗೆ ಒಳ್ಳೇದು ಮಾಡ್ಲಿ. ತಗೋ, ತಿನ್ನು." ಒಡೆದ ಕಲ್ಲಂಗಡಿಯ ಹೋಳೊಂದು ಅವನ ಕೈಗೆ ಬಂತು. "ಹೇಗೂ ನಿನ್ನ ಚಕ್ರಾನೇ ಹೆಚ್ಚಿಕೊಟ್ಟಿದೆ."

ಎಲ್ಲರೂ ನಕ್ಕರು. ಬಾಸಿಲ್ ಕೂಡ ನಕ್ಕ. ಹಣೆಯ ರಕ್ತ ಹಣ್ಣಿನ ಮೇಲೆ ತೊಟ್ಟಿಕ್ಕಿದರೂ ತಿಂದ. ಕುತ್ತಿಗೆಯ ಹಿಂದಿನ ಆ ಅಂಗೈ ಇನ್ನೂ ಅಲ್ಲೇ ಇತ್ತು. ಕ್ಷೌರದವನನ್ನು ಬಿಟ್ಟರೆ ಯಾರಾದರೂ ಅವನನ್ನು ಅಲ್ಲಿ ಮುಟ್ಟಿ ಎಷ್ಟು ಕಾಲವಾಗಿತ್ತೋ. ಅಂಗೈ ತೆಗೆಯಬೇಡ ಎಂದು ಹೇಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ವಾಹನಗಳ ಕೈಪಿಡಿಗಳನ್ನು ಜರ್ಮನ್ ಭಾಷೆಯಿಂದ ಅರಬ್ಬಿಗೆ ಅನುವಾದಿಸುವುದು ಅವನ ಕಸುಬು. ಮ್ಯೂನಿಕ್‌ನಲ್ಲಿ ತತ್ತ್ವಶಾಸ್ತ್ರ ಓದಿ ಅಮ್ಮಾನ್ ನಗರಕ್ಕೆ ಮರಳಿದವನಿಗೆ ದಕ್ಕಿದ ಕೆಲಸ ಅದು. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಈ ಸಾಲನ್ನು ಅವನು ಎಷ್ಟೋ ಬಗೆಯ ಕಾರುಗಳಿಗೆ ಬರೆದಿದ್ದ. ನಟ್ಟನ್ನು ಮುಟ್ಟಿದ್ದು ಮಾತ್ರ ಇವತ್ತಿನವರೆಗೂ ಇಲ್ಲ.

ನಿನ್ನೆ ಕಾರು ಸರ್ವಿಸಿಗೆ ಹೋಗಿತ್ತು. ಆಯಿಲ್ ಬದಲಿಸುವುದು, ಬ್ರೇಕು ನೋಡುವುದು, ಹಿಂದಿನ ಚಕ್ರ ಮುಂದಕ್ಕೆ ಮುಂದಿನದು ಹಿಂದಕ್ಕೆ ಹಾಕುವುದು. ವರ್ಷಕ್ಕೆರಡು ಸಲದ ಮಾಮೂಲು. ಗ್ಯಾರೇಜಿನ ಅಬು ನವಾಫ್ ಒಬ್ಬನೇ ಮೂರು ಚಕ್ರ ಬಿಗಿದು ನಾಲ್ಕನೆಯದರ ನಟ್ಟುಗಳನ್ನು ಬೆರಳಲ್ಲಿ ತಿರುಗಿಸುತ್ತಿದ್ದಾಗ ಫೋನು ಬಂತು. ಅವನ ಮಗಳು ರಹಫ್ ಹನ್ನೆರಡನೆಯ ಕ್ಲಾಸಿನ ತೌಜೀಹಿ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಸುಮ್ಮನೆ ಪಾಸಲ್ಲ, ಮೆಡಿಕಲ್ ಸೀಟು ಸಿಗುವಷ್ಟು ಅಂಕ.

ಆಮೇಲೆ ಆ ಬೀದಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಟಿಂಕರಿನವನು, ಬ್ಯಾಟರಿಯವನು, ಪಂಚರಿನವನು ಎಲ್ಲರೂ ಬಂದು ಅಬು ನವಾಫನನ್ನು ತಬ್ಬಿದರು. ನಿಂತ ಗಾಡಿಗಳ ಹಾರನ್ ಒತ್ತಿದರು. ಯಾರೋ ಕುನಾಫೆ ಸಿಹಿತಿಂಡಿಯ ತಟ್ಟೆ ತಂದು ಬಾಸಿಲ್‌ನ ಕಾರಿನ ಬಾನೆಟ್ ಮೇಲೆಯೇ ಇಟ್ಟರು. ಅಬು ನವಾಫ್ ಆಯಿಲ್ ಮೆತ್ತಿದ ಕೈಯಿಂದಲೇ ಒಂದು ತುಂಡು ಅವನ ಬಾಯಿಗೆ ತುರುಕಿದ. "ತಿನ್ನಿ ಉಸ್ತಾದ್. ನನ್ನ ಮಗಳು ಡಾಕ್ಟ್ರಾಗ್ತಾಳೆ. ನಿಮ್ಮ ಕಾಲ್ಗುಣ." ಅದೇ ಖುಷಿಯಲ್ಲಿ ಜಾಕು ಇಳಿಸಿ, ಬಾಗಿಲು ತೆಗೆದು, ಹೊಸ ಮದುವಣಿಗನನ್ನು ಕಳಿಸುವ ಹಾಗೆ ಕಳಿಸಿಕೊಟ್ಟ.

ಸಂಜೆಯಿಂದಲೇ ಸ್ಟೀರಿಂಗ್ ನಡುಗುತ್ತಿತ್ತು. ಬಾಸಿಲ್‌ಗೆ ಗೊತ್ತಾಗಿತ್ತು. ಅವನು ರೇಡಿಯೋದ ಸದ್ದು ಜಾಸ್ತಿ ಮಾಡಿದ್ದ, ಅಷ್ಟೆ. ನಡುಗಿದರೆ ನಡುಗಲಿ ಅನ್ನಿಸಿತ್ತು. ಬಾಯಲ್ಲಿ ಕುನಾಫೆಯ ಸಿಹಿಯ ಜೊತೆ ಆಯಿಲಿನ ರುಚಿ ಇನ್ನೂ ಇತ್ತು. ಅದನ್ನು ತೊಳೆದುಕೊಳ್ಳಲು ಮನಸ್ಸಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಮೊದಲು ನರ್ಸ್ ಕೇಳಿದಳು, "ಇವರ ಕಡೆಯವರು ಯಾರು?"

"ನಾನೇ," ಅಂದ ಕಲ್ಲಂಗಡಿಯವನು.

ಪೊಲೀಸಿನವನೊಬ್ಬ ಬಂದು ಯಾವ ಗ್ಯಾರೇಜು ಎಂದು ಕೇಳಿ ಬರೆದುಕೊಂಡ. "ದೂರು ಕೊಡ್ತೀರಾ?" ಎಂದ. ಬಾಸಿಲ್ ಹಣೆಯ ಪಟ್ಟಿ ಮುಟ್ಟಿಕೊಂಡ. "ನಾಳೆ ಬೆಳಗ್ಗೆ ಠಾಣೆಗೆ ಬಂದು ಹೇಳಿ. ಕೊಟ್ರೆ ಗ್ಯಾರೇಜಿಗೆ ಬೀಗ, ಅವನು ಒಳಗೆ. ಸುಮ್ನೆ ಬಿಡೋ ಕೇಸಲ್ಲ ಇದು." ಪೊಲೀಸಿನವನು ಹೊರಡುವಾಗ ಬಾಸಿಲ್‌ನ ಭುಜ ತಟ್ಟಿದ. "ದೇವರನ್ನ ನೆನೆಯೋ ದಿನ ನಿಮಗೆ ಇವತ್ತು." ಬಾಸಿಲ್ ಅವನಿಗೂ ಕೃತಜ್ಞನಾಗಿದ್ದ. ಬೆಳಗಿನಿಂದ ಅವನನ್ನು ಮುಟ್ಟಿದವರ ಪಟ್ಟಿ ಬೆಳೆಯುತ್ತಲೇ ಇತ್ತು.

ಕಲ್ಲಂಗಡಿಯವನು ತನ್ನ ಪಿಕಪ್‌ನಲ್ಲಿ ಮನೆಗೆ ತಂದು ಬಿಟ್ಟಾಗ ಕೆಳಗಿನ ಮನೆಯ ಅಬು ತಯ್ಸೀರ್ ಮೆಟ್ಟಿಲಲ್ಲೇ ಕಾಯುತ್ತಿದ್ದ. ರಿಟೈರಾದ ಮೇಷ್ಟರು. ಇಷ್ಟು ವರ್ಷದಲ್ಲಿ ಇವರಿಬ್ಬರ ನಡುವೆ ಸಲಾಮಿಗಿಂತ ಹೆಚ್ಚಿನ ಮಾತಾಗಿದ್ದು ನೀರಿನ ಟ್ಯಾಂಕಿನ ವಿಷಯದಲ್ಲಿ ಮಾತ್ರ.

"ಹೊತ್ತು ಇಳಿಯೋ ಹೊತ್ತಿಗೆ ಬರ್ತಾರೆ," ಅಂದ ಅಬು ತಯ್ಸೀರ್.

"ಯಾರು?"

"ಇನ್ಯಾರು, ಗ್ಯಾರೇಜಿನವರು. ಪೊಲೀಸು ಅಲ್ಲಿಗೆ ಹೋಗಿತ್ತಂತೆ. ಹಿರಿಯರನ್ನ ಮುಂದಿಟ್ಕೊಂಡು ಜಾಹಾ ತರ್ತಾ ಇದಾರೆ. ತಪ್ಪೊಪ್ಪಿಕೊಳ್ಳೋಕೆ. ಶೇಖ್ ದೈಫಲ್ಲಾನೇ ಬರ್ತಾರಂತೆ. ನಿಮ್ಮ ನಂಬರ್ ಸಿಗ್ಲಿಲ್ಲ ಅಂತ ನಂಗೆ ಹೇಳಿಕಳ್ಸಿದ್ರು. ನಿಮ್ಮ ಕಡೆ ಎಷ್ಟು ಜನ?"

"ನಾನು."

"ನೀವು ಸರಿ. ಬಾಕಿ?"

ಬಾಸಿಲ್ ಲೆಕ್ಕ ಹಾಕಿದ. ಅಣ್ಣ ಕುವೈತಿನಲ್ಲಿ, ಹಬ್ಬಕ್ಕೊಂದು ಸಂದೇಶ. ಚಿಕ್ಕಪ್ಪಂದಿರು ಇರ್ಬಿದ್‌ನಲ್ಲಿ, ಅವರ ಮನೆಯ ಮದುವೆಗಳಿಗೆ ಅವನು ಹೋಗಿರಲಿಲ್ಲ, ಸಾವುಗಳಿಗೂ ಇಲ್ಲ. ಹತ್ತಾರು ಗಂಡಸರು ಸಾಲಾಗಿ ಕೂತು ಗಂಭೀರ ಮುಖ ಮಾಡುವುದು ಅವನಿಗೆ ಹಳೆಯ ಕಾಲದ ನಾಟಕವಾಗಿ ಕಂಡಿತ್ತು. ಮದುವೆಯೂ ಆಗಿರಲಿಲ್ಲ.

"ಬಾಕಿ ಇಲ್ಲ," ಅಂದ.

ಅಬು ತಯ್ಸೀರ್ ಅವನ ಮುಖವನ್ನೇ ನೋಡಿದ. ಮನುಷ್ಯನಿಗೆ ಒಂದು ಕಡೆಯೇ ಇಲ್ಲ ಅನ್ನುವುದು ಮೇಷ್ಟರ ತಲೆಗೆ ಹತ್ತುವ ವಿಷಯವಾಗಿರಲಿಲ್ಲ. "ಆಗ್ಲಿ," ಅಂದ ಕೊನೆಗೆ. "ನನ್ನ ಅಳಿಯಂದಿರು ಇಬ್ರು ಬರ್ತಾರೆ. ನಾನಿದೀನಿ. ಶೆಹಾತ, ನಿನ್ನತ್ರ ಕೋಟಿದೆಯೇನೋ?"

ಕಟ್ಟಡದ ಕಾವಲುಗಾರ ಶೆಹಾತ ಈಜಿಪ್ಟಿನವನು. ಪೊರಕೆ ಹಿಡಿದು ನಿಂತಿದ್ದವನು ಹಲ್ಲು ಕಿರಿದ. "ಮದುವೆದೊಂದಿದೆ ಬಾಷಾ. ಗುಂಡಿ ಹಾಕ್ಕೊಳಕ್ಕಾಗಲ್ಲ."

"ಬಿಚ್ಕೊಂಡೇ ಇರು. ಬಾಯಿ ಮಾತ್ರ ಬಿಚ್ಬೇಡ. ನೀನು ಇವರ ಸೋದರಮಾವ."

"ನಾನೂ ಇರ್ತೀನಿ," ಅಂದ ಕಲ್ಲಂಗಡಿಯವನು. "ನನ್ನ ಹಣ್ಣೂ ಹೋಗಿದೆ. ನಾನೂ ಇವರ ಕಡೆಯವನೇ."

ಅಬು ತಯ್ಸೀರ್ ಮೇಲೆ ಬಂದು ಬಾಸಿಲ್‌ನ ಅಡುಗೆಮನೆ ನೋಡಿ ಹೌಹಾರಿದ. ಬಾಟಲಿಯ ಕಾಫಿಪುಡಿ, ಒಂದು ಲೋಟ, ಒಂದು ತಟ್ಟೆ. "ಇದನ್ನ ಶೇಖ್ ಮುಂದೆ ಇಟ್ರೆ ಮಾನ ಹೋಗತ್ತೆ," ಎಂದು ಗೊಣಗಿ ಹೆಂಡತಿಗೆ ಕೂಗು ಹಾಕಿದ. ಸ್ವಲ್ಪ ಹೊತ್ತಿಗೆ ಏಲಕ್ಕಿ ಹಾಕಿ ಕುದಿಸಿದ ಕಹಿ ಕಾಫಿಯ ಹೂಜಿ, ದಲ್ಲಾ, ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು ಬಂದವು. ಪಕ್ಕದ ಮಸೀದಿಯಿಂದ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಪುಸ್ತಕ, ನಿಘಂಟುಗಳನ್ನೆಲ್ಲ ಮಲಗುವ ಕೋಣೆಗೆ ತುಂಬಿದರು. ಜಾಗ ಇಷ್ಟಿದೆ ಎಂದು ಬಾಸಿಲ್‌ಗೇ ಗೊತ್ತಿರಲಿಲ್ಲ.

"ನಿಮ್ಮನ್ನ ಏನಂತ ಕರೀಬೇಕು?" ಕುರ್ಚಿ ಜೋಡಿಸುತ್ತ ಕೇಳಿದ ಅಬು ತಯ್ಸೀರ್. "ಶೇಖ್ ಎದುರಿಗೆ ಉಸ್ತಾದ್ ಉಸ್ತಾದ್ ಅಂದ್ರೆ ಸ್ಕೂಲ್ ಇದ್ದಂಗಿರತ್ತೆ. ಮಕ್ಕಳಿಲ್ಲ. ಇರ್ಲಿ. ತಂದೆ ಹೆಸರು?"

"ಶುಕ್ರಿ."

"ಹಾಗಾದ್ರೆ ಹುಟ್ಟೋ ಮಗ ಶುಕ್ರಿ. ನೀವು ಅಬು ಶುಕ್ರಿ, ಶುಕ್ರಿಯ ಅಪ್ಪ. ಮುಗೀತು."

ಅಷ್ಟರಲ್ಲಿ ಒಬ್ಬ ಅಳಿಯ ಆ ಕಡೆಯಿಂದ ಕೂಗಿದ, "ಅಬು ಶುಕ್ರಿ, ಪರದೆ ಎಳೀಲಾ?" ಬಾಸಿಲ್ ಮಲಗುವ ಕೋಣೆಯ ಕಡೆ ತಿರುಗಿ ನೋಡಿದ. ಶುಕ್ರಿ ಅನ್ನುವ ಹುಡುಗನೊಬ್ಬ ಪಕ್ಕದ ಕೋಣೆಯಲ್ಲಿ ನಿಘಂಟುಗಳ ಮೇಲೆ ಕೂತು ಕಾಲಾಡಿಸುತ್ತಿರಬಹುದು ಅನ್ನಿಸಿತು. "ಬೇಡ, ತೆಗೆದೇ ಇರ್ಲಿ," ಅಂದ. ಅವನ ದನಿ ಗೃಹಸ್ಥನ ದನಿಯ ಹಾಗೆಯೇ ಬಂತು.

ಹೊತ್ತು ಇಳಿಯುವಾಗ ಅವರು ಬಂದರು. ಮುಂದೆ ಕಪ್ಪು ಅಂಚಿನ ನಿಲುವಂಗಿಯ ಶೇಖ್ ದೈಫಲ್ಲಾ, ಹಿಂದೆ ಇಸ್ತ್ರಿ ಮಾಡಿದ ಅಂಗಿಗಳಲ್ಲಿ ಗ್ಯಾರೇಜು ಬೀದಿಯ ಗಂಡಸರು. ಕೊನೆಯಲ್ಲಿ ಅಬು ನವಾಫ್. ಅವನು ಎದೆಗೆ ಅವುಚಿಕೊಂಡು ತಂದದ್ದು ಚಕ್ರವನ್ನು. ಅದನ್ನು ಕಲ್ಲಂಗಡಿ ಚಪ್ಪರದಿಂದ ತರಿಸಿ, ತೊಳೆದು, ಒರೆಸಿ, ಟೈರಿಗೆ ಕಪ್ಪು ಪಾಲಿಶ್ ಹಚ್ಚಿದ್ದ. ಎಲ್ಲಿ ಇಡುವುದೆಂದು ತಿಳಿಯದೆ ನಿಂತವನನ್ನು ನೋಡಿ ಶೆಹಾತ ಒಂದು ಖಾಲಿ ಕುರ್ಚಿ ಸರಿಸಿ ಗೋಡೆಯ ಹತ್ತಿರ ಜಾಗ ಮಾಡಿದ. ಚಕ್ರ ಅಲ್ಲಿ ಒರಗಿ ನಿಂತಿತು, ಬಂದವರಲ್ಲಿ ಒಬ್ಬನಾಗಿ.

ಎಲ್ಲರೂ ಬಾಸಿಲ್‌ನ ಕೆನ್ನೆಗೆ ಕೆನ್ನೆ ತಾಗಿಸಿದರು. ಹಣೆಯ ಪಟ್ಟಿ ನೋಡಿ ನಾಲಿಗೆ ಲೊಚಗುಟ್ಟಿದರು. ಅಬು ನವಾಫ್ ಮಾತ್ರ ಹತ್ತಿರ ಬರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತು ಉಗುರುಗಳನ್ನು ನೋಡಿಕೊಳ್ಳುತ್ತಿದ್ದ. ಎಷ್ಟು ಉಜ್ಜಿದರೂ ಅವು ಬೆಳ್ಳಗಾಗಿರಲಿಲ್ಲ.

ಅಬು ತಯ್ಸೀರ್ ದಲ್ಲಾದಿಂದ ಮೊದಲ ಬಟ್ಟಲು ತುಂಬಿ ಶೇಖ್‌ಗೆ ಕೊಟ್ಟ. ಉಳಿದವರಿಗೂ ಕೊಟ್ಟ. ಶೇಖ್ ಬಟ್ಟಲನ್ನು ತುಟಿಗೆ ಒಯ್ಯದೆ ಎದುರಿನ ಮೇಜಿನ ಮೇಲಿಟ್ಟ. ಅವನ ಹಿಂದೆಯೇ ಎಲ್ಲರ ಬಟ್ಟಲುಗಳೂ ಮೇಜು ಸೇರಿದವು.

"ಅಬು ಶುಕ್ರಿ," ಅಂದ ಶೇಖ್, "ನಿಮ್ಮ ಕಾಫಿ ನಮ್ಮ ತಲೆ ಮೇಲೆ. ಆದ್ರೆ ಬಂದ ಕೆಲಸ ಆಗದೆ ಕುಡಿಯೋ ಹಾಗಿಲ್ಲ. ನಮ್ಮ ಹುಡುಗ ತಪ್ಪು ಮಾಡ್ದ. ಮಗಳ ಸುದ್ದಿ ಕೇಳಿ ಅವನ ಕೈ ಮನಸ್ಸು ಎರಡೂ ಅವನತ್ರ ಇರ್ಲಿಲ್ಲ. ಬೇಕು ಅಂತ ಮಾಡಿದ್ದಲ್ಲ, ಆದ್ರೂ ತಪ್ಪು ತಪ್ಪೇ. ದೇವರು ನಿಮ್ಮನ್ನ ಉಳಿಸ್ದ. ಈಗ ನೀವು ಅವನನ್ನ ಉಳಿಸ್ಬೇಕು."

ಬಾಸಿಲ್‌ಗೆ ಮುಂದಿನ ಮಾತು ಗೊತ್ತಿತ್ತು. ಅಪ್ಪನ ತೊಡೆಯ ಮೇಲೆ ಕೂತು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದ. ಕಾಫಿ ಕುಡೀರಿ, ನೀವು ಬಂದ ಕೆಲಸ ಆಯ್ತು. ಇಷ್ಟೇ. ಅಷ್ಟಂದರೆ ಠಾಣೆಯಿಲ್ಲ, ದೂರಿಲ್ಲ, ಗ್ಯಾರೇಜಿಗೆ ಬೀಗವಿಲ್ಲ.

ಅವನಿಗೆ ಅಬು ನವಾಫನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ನಟ್ಟು ಬಿಗಿಯಾಗಿದ್ದರೆ ಈಗ ತಾನು ಎಲ್ಲಿರುತ್ತಿದ್ದೆ? ಶುಕ್ರವಾರ ಸಂಜೆಗೆ ಯಾವಾಗಲೂ ಇರುವಲ್ಲೇ: ಈ ಕೋಣೆಯ ಆ ಮೂಲೆಯಲ್ಲಿ, ಯಾವುದೋ ವ್ಯಾನಿನ ವೈಪರು ಬದಲಿಸುವ ವಿಧಾನ ಬರೆಯುತ್ತ. ಅವನು ಕೋಣೆಯನ್ನು ನೋಡಿದ. ಗುಂಡಿ ಬಿಚ್ಚಿದ ಮದುವೆಯ ಕೋಟಿನಲ್ಲಿ ಸೋದರಮಾವ ಶೆಹಾತ ಬೆವರುತ್ತಿದ್ದ. ಕಲ್ಲಂಗಡಿಯವನು ತನ್ನ ಸ್ವಂತದವರ ಮನೆಯಲ್ಲಿ ಕೂತ ಹಾಗೆ ಹೊಟ್ಟೆಯ ಮೇಲೆ ಕೈಕಟ್ಟಿಕೊಂಡಿದ್ದ. ಇಷ್ಟು ಜನ ತನ್ನ ಬಾಯನ್ನು ನೋಡುತ್ತಿದ್ದರು. ಅವನು ಒಬ್ಬೊಬ್ಬರನ್ನೇ ಎಣಿಸಿದ.

ಹೇಳಿದ ಮರುಕ್ಷಣ ಎಲ್ಲರೂ ಒಂದೇ ಗುಟುಕಿಗೆ ಕುಡಿಯುತ್ತಾರೆ. ಎದ್ದು ನಿಲ್ಲುತ್ತಾರೆ. ಮತ್ತೆ ಕೆನ್ನೆಗೆ ಕೆನ್ನೆ. ಕುರ್ಚಿಗಳು ಒಂದರೊಳಗೊಂದು ಕೂತು ಮಸೀದಿಗೆ ಹೋಗುತ್ತವೆ. ಬಟ್ಟಲುಗಳು ಕೆಳಗಿನ ಮನೆಗೆ. ನಾಳೆ ಮೆಟ್ಟಿಲಲ್ಲಿ ಅಬು ತಯ್ಸೀರ್ ಸಿಕ್ಕರೆ ಸಲಾಮು.

"ಮಗಳು ಹೇಗಿದ್ದಾಳೆ?" ಎಂದು ಕೇಳಿದ ಬಾಸಿಲ್.

ಅಬು ನವಾಫ್ ತಲೆಯೆತ್ತಿದ. ಶೇಖ್‌ನ ಮುಖ ನೋಡಿದ. ಶೇಖ್ ಹೇಳು ಎಂಬಂತೆ ಹುಬ್ಬು ಹಾರಿಸಿದ.

"ಚೆನ್ನಾಗಿದಾಳೆ ಉಸ್ತಾದ್."

"ಅಬು ಶುಕ್ರಿ," ಎಂದು ಪಿಸುಗುಟ್ಟಿದ ಪಕ್ಕದವನು.

"ಚೆನ್ನಾಗಿದಾಳೆ ಅಬು ಶುಕ್ರಿ. ಬೆಳಗ್ಗೆಯಿಂದ ಊಟ ಮಾಡಿಲ್ಲ. ನಾನು ಪಾಸಾಗದೇ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ ಅಂತಾಳೆ."

"ಹಾಗೆಲ್ಲ ಅನ್ಕೋಬಾರದು ಅಂತ ಹೇಳಿ. ಯಾವ ಕಾಲೇಜಿಗೆ ಸೇರಿಸ್ತೀರಿ?"

"ಇನ್ನೂ ಗೊತ್ತಿಲ್ಲ. ಅದೆಲ್ಲ ಈಗ..." ಅಬು ನವಾಫ್ ಮತ್ತೆ ಉಗುರು ನೋಡಿಕೊಂಡ.

ಅಬು ತಯ್ಸೀರ್ ಕೆಮ್ಮಿದ. ಇಂಥ ಕಡೆ ಗಾಯಗೊಂಡವನು ಒಂದಿಷ್ಟು ಹೊತ್ತು ಸುಮ್ಮನಿರುವುದು ವಾಡಿಕೆಯೇ, ಮಾನ ಉಳಿಯಬೇಕಲ್ಲ. ಆ ಹೊತ್ತು ಕಳೆದುಹೋಗಿತ್ತು.

"ಆಸ್ಪತ್ರೆ, ಕಾರು ಎಲ್ಲ ನಮ್ಮ ಮೇಲೆ," ಅಂದ ಶೇಖ್. "ಅದು ಹೇಳೋ ಮಾತೇ ಅಲ್ಲ."

ಬಾಸಿಲ್ ತಲೆಯಾಡಿಸಿದ.

"ಈ ಬಡಾವಣೆಯವರೆಲ್ಲ ಸೇರೋ ಕಡೆ, ಮಸೀದಿ ಮುಂದೆ ನಿಂತು ತಪ್ಪಾಯ್ತು ಅಂತ ಹೇಳ್ತಾನೆ. ಬೇಕಾ?"

ಬಾಸಿಲ್ ಬೇಡವೆಂದು ತಲೆಯಾಡಿಸಿದ.

"ಗ್ಯಾರೇಜು ಮುಚ್ಚು ಅಂದ್ರೆ ಅವನೇ ಮುಚ್ತಾನೆ. ಪೊಲೀಸು ಬೇಡ. ಹೆಣ್ಣುಮಗು ಕಾಲೇಜಿಗೆ ಹೋಗೋ ಹೊತ್ತಲ್ಲಿ ಅಪ್ಪ ಜೈಲಲ್ಲಿ ಅನ್ನೋ ಹೆಸರು ಬೇಡ. ಅದೊಂದೇ ಕೇಳ್ಕೋತಿರೋದು."

ಅಬು ನವಾಫ್ ಹೌದೆಂಬಂತೆ ಅಲ್ಲಿಂದಲೇ ಬಾಗಿದ. ಈ ಜನಕ್ಕೆ ಏನಾದರೂ ಹೇಳಬೇಕು, ಕೈಪಿಡಿಯ ಸಾಲಲ್ಲದ, ತನ್ನದೇ ಆದ ಒಂದು ಮಾತು ಹೇಳಬೇಕು ಅನ್ನಿಸಿ ಬಾಸಿಲ್ ಎದ್ದು ನಿಂತ. ಎಲ್ಲರ ಬೆನ್ನೂ ನೆಟ್ಟಗಾಯಿತು. ಕೆಲವರ ಕೈ ಬಟ್ಟಲಿನ ಕಡೆ ಹೋಯಿತು.

"ಅಬು ನವಾಫ್," ಅಂದ, "ನಾನು ನಿಮಗೆ ಋಣಿ. ನಿಜವಾಗಿ ಹೇಳ್ತಿದೀನಿ. ನೀವು ಮಾಡಿದ್ದನ್ನ ನಾನು ಮರೆಯೋ ಹಾಗಿಲ್ಲ."

ಬಟ್ಟಲಿನ ಕಡೆ ಹೋದ ಕೈಗಳು ವಾಪಸಾದವು. ಅಬು ನವಾಫನ ಮುಖದಲ್ಲಿ ರಕ್ತವೇ ಇರಲಿಲ್ಲ. ಟಿಂಕರಿನವನು ನೆಲ ನೋಡಿದ.

"ಚುಚ್ಚಬೇಡಿ ಅಬು ಶುಕ್ರಿ," ಅಂದ ಶೇಖ್ ಮೆಲ್ಲಗೆ. "ಹೊಡೀಬೇಕಾದ್ರೆ ಎದ್ದು ಹೊಡೆದುಬಿಡಿ. ಹೀಗೆ ಚುಚ್ಚಬೇಡಿ."

"ಇಲ್ಲ. ನಾನು ಹೇಳಿದ್ದು—"

ಆ ಮಾತನ್ನು ಮನಸ್ಸಿನಲ್ಲೇ ಜರ್ಮನ್‌ಗೂ ಅರಬ್ಬಿಗೂ ತಿರುಗಿಸಿ ನೋಡಿದ. ಅವನು ಕೂತ. ಕಲ್ಲಂಗಡಿಯವನು ಅವನ ಕುತ್ತಿಗೆಯ ಹಿಂದೆ ಕೈಯಿಟ್ಟು ಕಿವಿಯ ಹತ್ತಿರ ಬಗ್ಗಿದ. "ಸಾಕು ಬಿಡಪ್ಪ," ಎಂದು ಪಿಸುಗುಟ್ಟಿದ. "ಹೇಳಿಬಿಡು. ಮಗು ಉಪವಾಸ ಕೂತಿದೆಯಂತೆ."

ಬೆಳಗಿನ ಅದೇ ಅಂಗೈ. ಬೆಚ್ಚಗಿತ್ತು. ಹೇಳುತ್ತೇನೆ, ಇನ್ನೊಂದು ನಿಮಿಷ, ಅಂದುಕೊಂಡ ಬಾಸಿಲ್. ತಾನು ಖಂಡಿತ ಹೇಳುವವನೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಹೇಳಿದರೆ ಈ ಅಂಗೈ ತೆಗೆಯುತ್ತಾನೆ.

ಬಾಗಿಲ ಬಳಿ ಅಬು ನವಾಫ್ ಅಳತೊಡಗಿದ್ದ. ಸದ್ದಿಲ್ಲ. ಭುಜ ಮಾತ್ರ ನಡುಗುತ್ತಿತ್ತು, ನಿನ್ನೆ ಸಂಜೆಯ ಸ್ಟೀರಿಂಗಿನ ಹಾಗೆ. ಅದೂ ಬಾಸಿಲ್‌ಗೆ ಗೊತ್ತಾಯಿತು.

ಪಕ್ಕದ ಮಸೀದಿಯಿಂದ ಸಂಜೆಯ ಬಾಂಗು ಶುರುವಾಯಿತು. ಎಲ್ಲರೂ ಏಳಬೇಕಾದ ಹೊತ್ತು. ಯಾರೂ ಏಳಲಿಲ್ಲ. ಶೇಖ್ ಕಣ್ಣು ಮುಚ್ಚಿ ತುಟಿಯಲ್ಲೇ ಪ್ರಾರ್ಥಿಸಿದ. ಮತ್ತೆ ಕಣ್ಣು ಬಿಟ್ಟು ಬಾಸಿಲ್‌ನನ್ನು ನೋಡಿದ. ಅಬು ತಯ್ಸೀರ್ ನೋಡಿದ. ಅಳಿಯಂದಿರು ನೋಡಿದರು. ಬಾಸಿಲ್ ಬಾಯಿ ತೆರೆದ.

"ಶೆಹಾತ," ಅಂದ, "ಕಾಫಿ ತಣ್ಣಗಾಯ್ತು. ಚೆಲ್ಲಿ ಬೇರೆ ಹಾಕು."

ಸೋದರಮಾವ ಎದ್ದು ಬಟ್ಟಲುಗಳನ್ನು ಒಂದೊಂದಾಗಿ ತೆಗೆದುಕೊಂಡು ಹೋದ. ಬಿಸಿ ಕಾಫಿ ತುಂಬಿ ತಂದು ಒಂದೊಂದಾಗಿ ಇಟ್ಟ. ಯಾರೂ ಮುಟ್ಟಲಿಲ್ಲ. ಕತ್ತಲಾಗುತ್ತಿದ್ದರೂ ದೀಪ ಹಾಕಲು ಯಾರೂ ಏಳಲಿಲ್ಲ. ಮನೆಯ ಯಜಮಾನ ಹೇಳಬೇಕಿತ್ತು. ಗೋಡೆಗೆ ಒರಗಿದ ಚಕ್ರ ಮಾತ್ರ ಪಾಲಿಶಿನಿಂದಾಗಿ ಇನ್ನೂ ಸ್ವಲ್ಪ ಹೊಳೆಯುತ್ತಿತ್ತು. ಅದರ ನಡುವೆ ನಟ್ಟು ಕೂರುವ ಐದು ತೂತುಗಳಲ್ಲಿ ಏನೂ ಇರಲಿಲ್ಲ. ಅವುಗಳ ಹಿಂದೆ ಗೋಡೆ ಕಾಣುತ್ತಿತ್ತು.